ಮಗಳ ಕತೆ ಕದ್ದವನು

ಸುಜನ್ ಮೈಕನ್ನು ಹತ್ತಿರಕ್ಕೆ ಎಳೆದುಕೊಂಡಾಗಲೇ ರಜತನಿಗೆ ಅನುಮಾನ ಬಂತು. ಇವತ್ತೂ ಇವನು ನನ್ನ ಮನೆಯದ್ದನ್ನೇ ಹೇಳುತ್ತಾನೆ.

“ನನ್ ಮಗಳಿಗೆ ಹೀರೋ ಕಂಡ್ರೆ ಆತಿಲ್ಲೆ,” ಎಂದು ಸುಜನ್ ಶುರು ಮಾಡಿದ. “ಸೀರಿಯಲ್ಲಗೆ ಹೀರೋ ಬಂದ ಕೂಡ್ಲೆ ಕಣ್ಣೀರ್ ಹಾಕಿ ಮರ್ಕುದ್. ಸೊಸೆ ಹಾಲಿಗೆ ವಿಷ ಹಾಕು ಅತ್ತೆ ಬಂದ್ಲಾ, ಬೊಚ್ಚುಬಾಯಿ ಬಿಟ್ಕಂಡ್ ನೆಗಾಡುದ್. ನನ್ನಮ್ಮಂಗೆ ಭಾರೀ ಖುಷಿ. ನನ್ ಹೆಂಡ್ತಿ ನವ್ಯಶ್ರೀಗೆ ಹೆದ್ರಿಕೆ.”

ಎದುರಿಗೆ ಕುಳಿತವರು ಬಿದ್ದು ಬಿದ್ದು ನಕ್ಕರು. ರಜತನೂ ಹಲ್ಲು ಕಾಣಿಸಿದ. ಮೇಜಿನ ಕೆಳಗೆ ಅವನ ಕಾಲು ನಿಲ್ಲದೆ ಕುಣಿಯುತ್ತಿತ್ತು.

ಅದು ನಡೆದದ್ದು ಹೆಮ್ಮಾಡಿಯಲ್ಲಿ, ಅವನದೇ ಮನೆಯ ಜಗಲಿಯಲ್ಲಿ, ಗುರುವಾರ ಸಂಜೆ. ಮಗುವನ್ನು ಮಡಿಲಲ್ಲಿಟ್ಟುಕೊಂಡ ಹೆಂಡತಿ ಯಾಮಿನಿ, “ಹ್ವಾಯ್, ಇವ್ಳ್ ನೆಗಾಡುದ್ ಕಾಣಿ,” ಎಂದು ಕರೆದಿದ್ದಳು. ರಜತ ರೀಲ್ಸ್ ಎಡಿಟ್ ಮಾಡುವುದರಲ್ಲಿ ಮುಳುಗಿದ್ದ. ತಲೆಯೆತ್ತದೆ “ಹೂಂ” ಅಂದಿದ್ದ. ಆಗ ಜಗಲಿಯಲ್ಲಿ ಅವರಿಬ್ಬರನ್ನೂ ಮಗುವನ್ನೂ ಬಿಟ್ಟರೆ ಬೇರೆ ಯಾರೂ ಇರಲಿಲ್ಲ.

‘ಹೊಸ ಅಪ್ಪಂದಿರ ಪಟ್ಟಾಂಗ’ ಎಂಬ ಅವರ ಹರಟೆಯ ಪಾಡ್‌ಕಾಸ್ಟಿಗೆ ಬೈಂದೂರಿನಿಂದ ಬ್ರಹ್ಮಾವರದವರೆಗೂ ಕೇಳುಗರಿದ್ದರು. ಮುಂಬೈಯ ಹೋಟೆಲುಗಳಲ್ಲಿ ದುಡಿಯುವ ಊರ ಹುಡುಗರೂ ಕೇಳುತ್ತಿದ್ದರು. ಕುಂದಾಪುರದ ಸಣ್ಣ ಹಾಲೊಂದರಲ್ಲಿ ಭಾನುವಾರ ಒಂದಿಷ್ಟು ಜನರನ್ನು ಕೂರಿಸಿಕೊಂಡು ಗೆಳೆಯರಿಬ್ಬರೂ ಹರಟುತ್ತಿದ್ದರು. ಹೊಸ ಸಿನಿಮಾ, ಸೀರಿಯಲ್ಲು, ಕ್ರಿಕೆಟ್ಟು, ನಡುನಡುವೆ ತಂತಮ್ಮ ಪುಟ್ಟ ಮಗಳ ಕತೆ. ಇಬ್ಬರೂ ಒಂದೇ ಮಳೆಗಾಲದಲ್ಲಿ ಅಪ್ಪಂದಿರಾಗಿದ್ದರು. ರಜತನಷ್ಟು ಮನಬಿಚ್ಚಿ ಮಾತಾಡುವ ಅಪ್ಪನೇ ಇಲ್ಲ ಎಂದು ಹೆಂಗಸರು ಕಮೆಂಟು ಹಾಕುತ್ತಿದ್ದರು. ಮಗಳಿಗಾಗಿ ನಿದ್ದೆಗೆಟ್ಟದ್ದನ್ನು ಅವನು ಬಣ್ಣಿಸಿದರೆ ಕೆಲವರ ಕಣ್ಣು ಒದ್ದೆಯಾಗುತ್ತಿತ್ತು. ಮಗು ಹುಟ್ಟಿದಂದಿನಿಂದ ಅವನು ಮಲಗುತ್ತಿದ್ದದ್ದು ಮಹಡಿಯ ಕೋಣೆಯಲ್ಲಿ, ಬಾಗಿಲು ಹಾಕಿಕೊಂಡು.

ಕಳ್ಳತನ ಮೊದಲು ಗೊತ್ತಾದದ್ದು ಅಜ್ಜನ ಕತೆಯಲ್ಲಿ. ಸಾಲಿಗ್ರಾಮದಿಂದ ಬಂದ ರಜತನ ಅಪ್ಪ ಮೊಮ್ಮಗಳ ಕಿವಿಯಲ್ಲಿ ಮಂತ್ರ ಹೇಳಿದರೆ ಅವಳು ಆಕಳಿಸುತ್ತಿದ್ದಳು, ಸಿನಿಮಾ ಟ್ರೇಲರಿನ ಸದ್ದಿಗೆ ಕಣ್ಣರಳಿಸುತ್ತಿದ್ದಳು. ಸುಜನ್ ಅದನ್ನೇ ಹೇಳಿದ, ಮಂತ್ರದ ಜಾಗಕ್ಕೆ ಮೀನಿನ ಹರಾಜು ಸೇರಿಸಿ. ಆಮೇಲೆ ವಾರವಾರವೂ ಹಾಗೆಯೇ ಆಯಿತು. ರಜತನ ಮಗಳ ತುಂಟತನ, ಸುಜನನ ಬಾಯಿ, ಜನರ ಚಪ್ಪಾಳೆ.

ಇವನಿಗೆ ಯಾರು ಹೇಳುತ್ತಿದ್ದಾರೆ?

ಉತ್ತರ ಶುಕ್ರವಾರ ಸಿಕ್ಕಿತ್ತು. ಮಧ್ಯಾಹ್ನ ಅವನು ಬೇಗ ಮನೆಗೆ ಬಂದಾಗ ಯಾಮಿನಿಯ ಕೋಣೆಯ ಬಾಗಿಲು ಮುಚ್ಚಿತ್ತು. ಒಳಗೆ ಅವಳು ಪಿಸುಮಾತಿನಲ್ಲಿ ಏನೋ ಹೇಳಿ ನಕ್ಕಳು. ರಜತ ಹೊಸ್ತಿಲಲ್ಲೇ ನಿಂತುಬಿಟ್ಟ. ಹೆರಿಗೆಯಾದ ಮೇಲೆ ಅವಳ ನಗು ಅವನ ಕಿವಿಗೆ ಬಿದ್ದೇ ಇರಲಿಲ್ಲ. ಊಟ ಬೇಡ, ಮಾತು ಬೇಡ, ಗೋಡೆ ನೋಡುತ್ತ ಕೂತಿರುತ್ತಿದ್ದಳು. ಬಾಣಂತಿ, ಸುಸ್ತು ಎಂದು ಅವನು ಸುಮ್ಮನಿದ್ದ. ಬಾಗಿಲು ತಳ್ಳಿದಾಗ ಅವಳು ಫೋನನ್ನು ಮಗ್ಗುಲಿಗಿಟ್ಟಳು. ಪರದೆಯಲ್ಲಿ ಸುಜನನ ಹೆಸರು ಇನ್ನೂ ಬೆಳಗುತ್ತಿತ್ತು.

“ಯಾರ್ ಫೋನ್?”

“ನವ್ಯಶ್ರೀದ್ದ್,” ಎಂದಳು ಅವಳು, ಅವನ ಮುಖ ನೋಡದೆ.

ಅಂದಿನಿಂದ ಹಳೆಯದೆಲ್ಲ ಬೇರೆಯೇ ಬಣ್ಣದಲ್ಲಿ ಕಾಣತೊಡಗಿತು. ರೆಕಾರ್ಡಿಂಗಿಗೆ ಕೂರುವ ಮುಂಚೆ ಸುಜನ್, “ಅತ್ತಿಗೆ ಹ್ಯಾಂಗಿದ್ರ್?” ಎಂದು ತಪ್ಪದೆ ಕೇಳುತ್ತಿದ್ದುದು. ಅದೊಂದು ಸಂಜೆ ಬೈಂದೂರಿನ ಕಾರ್ಯಕ್ರಮ ಮುಗಿಸಿ ಬರುತ್ತ ಅವನು ಯಾಮಿನಿಯನ್ನೂ ಮಗುವನ್ನೂ ಕಾರಿನಲ್ಲಿ ಕರೆತಂದು ಬಿಟ್ಟದ್ದು. “ಗಾಳಿಗೆ ಅಂದೇಳಿ ಹೊರ್ಗ್ ಬಂದಿದ್ರಂಬ್ರ್, ದಾರ್ಯಂಗೆ ಸಿಕ್ರ್,” ಎಂದಿದ್ದ. ರಜತ ಥ್ಯಾಂಕ್ಸ್ ಕೂಡ ಹೇಳಿದ್ದ.

ರೆಕಾರ್ಡಿಂಗ್ ಮುಗಿಯಿತು. ಸೆಲ್ಫಿಗೆ ಬಂದವರನ್ನು ದಾಟಿಕೊಂಡು ರಜತ, ಸುಜನನ ತೋಳು ಹಿಡಿದು ಹಾಲಿನ ಹಿಂಬದಿಯ ಮೆಟ್ಟಿಲಿಗೆ ಎಳೆದೊಯ್ದ.

“ನನ್ ಹೆಂಡ್ತಿ ಹತ್ರ ದಿನಾ ಎಂತ ಮಾತಾಡುದ್ ನೀನ್?”

ಸುಜನ್ ತೋಳು ಬಿಡಿಸಿಕೊಳ್ಳಲಿಲ್ಲ. “ಅವ್ರ್ ಹೇಳಿದ್ರಾ?”

“ನಾ ಕೇಂಡದ್ದಕ್ಕೆ ಹೇಳ್.”

“ಅವ್ರೇ ನಿನ್ ಹತ್ರ ಹೇಳ್ಲಿ ಅಂದೇಳಿ ಕಾಯ್ತಾ ಇದ್ದೆ ಮಾರಾಯ. ನನ್ ಬಾಯಂಗೆ ಬಪ್ದಲ್ಲ ಅದ್.”

ಅಂದರೆ ಹೇಳುವಂಥದ್ದು ಏನೋ ಇದೆ. ಜೊತೆಗೆ ಓದಿದವನು, ಒಂದೇ ಬೈಕಿನಲ್ಲಿ ಊರೂರು ಸುತ್ತಿ ವೇದಿಕೆ ಹತ್ತಿದವನು, ಈಗ ಕಣ್ಣು ಕೆಳಗೆ ಹಾಕಿ ನಿಂತಿದ್ದಾನೆ.

“ನಿಂಗೂ ಮಗಳಿದ್ಲಲೆ? ಅವ್ಳ್ ಕತೆ ಹೇಳುಕ್ ಆತಿಲ್ಯಾ?”

“ಹೇಳ್ಲಕ್ಕ್. ಆದ್ರೆ ನನ್ ಮಗಳ್ ಕತೆಗೆ ಜನ ನೆಗಾಡಿರೆ ಅತ್ತಿಗೆಗೆಂತ ಪ್ರಯೋಜ್ನ?” ಸುಜನ್ ಮೆಲ್ಲಗೆ ಅಂದ. “ಅವ್ರ್ ಹೇಳಿದ್ದಕ್ಕೆ ಊರೇ ನೆಗಾಡುದ್ ಕೇಂಡ್ರೆ, ಮಾರ್ನೆ ದಿನಕ್ಕೆ ಇನ್ನೊಂದ್ ಹುಡ್ಕ್ತ್ರ್. ಅದಕ್ಕಾರೂ ಶಿಶು ಮುಖ ಕಾಂತ್ರ್.”

ರಜತನ ಕೈ ಅವನ ಅಂಗಿಯ ಕಾಲರಿಗೆ ಹೋಯಿತು. “ನನ್ ಹೆಂಡ್ತಿ ನೆಗಾಡುಕೆ ನೀ ಯಾಕ್? ನಾ ಇಲ್ಯಾ? ಎಲ್ಲಿಂದ ಶುರು ಆಯ್ತ್ ಇದ್?”

ಸುಜನ್ ಮೊದಲ ಸಲ ತಲೆಯೆತ್ತಿದ. ಅವನ ಕಣ್ಣು ತುಂಬಿತ್ತು.

“ಅವತ್ತ್ ಬೈಂದೂರಿಂದ ಬಪ್ಪತಿಗೆ ಅತ್ತಿಗೆ ಅರಾಟೆ ಸೇತುವೆ ಮೇಲೆ ಚಪ್ಪಲಿ ಬದಿಗೆ ಬಿಚ್ಚಿಟ್ಟ್, ಶಿಶು ಎತ್ಕಂಡ್, ನೀರ್ ಕಾಂತಾ ನಿಂತಿದ್ರ್, ನಾಳೆ ಇವ್ಳ್ ಎಂತ ನೆಗಿ ಬಪ್ಪು ಹಾಂಗ್ ಮಾಡ್ತ್ಲ್ ಅಂದೇಳಿ ನಂಗ್ ಫೋನ್ ಮಾಡಿ ಹೇಳ್ಲೇಬೇಕ್ ಅಂದೆ, ಅದ್ ಬಿಟ್ರೆ ನಂಗ್ ಬೇರೆಂತದೂ ಹೊಳಿಲಿಲ್ಲೆ ರಜತ.”