ಸೊಸೆಗೆಂದು ಮಾಡಿದ ನುಗ್ಗೆಸೊಪ್ಪು

ಮಗ ಮೂಕಪ್ಪನ ರೊಟ್ಟಿಯ ಮೇಲೆ ನುಗ್ಗೆಸೊಪ್ಪಿನ ಪಲ್ಯ ಬಡಿಸಲು ಚಾಚಿದ ಹುಚ್ಚವ್ವನ ಸೌಟು ನಡುವೆಯೇ ನಿಂತಿತು.

“ಯಾಕಬೇ ಯವ್ವಾ, ಇವತ್ತ ಕೈ ಬಿಗಿ? ಕನ್ನಡ ನಾಡು ಒಂದಾತಂತ ಗದಗಿನ್ಯಾಗ ಕಂಡಕಂಡವರಿಗೆ ಪೇಢೆ ಹಂಚಾಕತ್ಯಾರ. ನಮ್ಮ ಮನ್ಯಾಗ ಪಲ್ಯಾಕೂ ಬರಗಾಲೇನು?” ಎಂದು ಅವನು ನಕ್ಕ.

ಬೆಳಗ್ಗೆ ನರ್ಸಬಾಯಿ ಬಂದು ಬಸುರಿ ಸೊಸೆ ಹನಮಂತವ್ವನ ಕಣ್ಣರೆಪ್ಪೆ ಎಳೆದು ನೋಡಿದ್ದಳು. “ಸೊಪ್ಪು ರಕ್ತಕ್ಕ ಚಲೋ, ಖರೆ. ಆದ್ರ ಇಷ್ಟು ಬಿಳಚಿದ ಮ್ಯಾಲ ಬರೇ ಸೊಪ್ಪಿನಿಂದ ಆಗಂಗಿಲ್ಲ, ದವಾಖಾನಿಗೆ ಕರಕೊಂಡು ಬರ್ರಿ. ಈಕಿ ದಿನಾ ತಿಂತಾಳ ಹೌದಿಲ್ಲೊ?”

“ದಿನಾ ಮಾಡತೀನ್ರಿ,” ಎಂದಿದ್ದಳು ಹುಚ್ಚವ್ವ. ಅದು ಸುಳ್ಳೇನಲ್ಲ. ದಿನವೂ ಸೊಸೆಗೆಂದೇ ಮಾಡುತ್ತಿದ್ದಳು. ದಿನವೂ ಗಂಡಸೆಂದು ಮೂಕಪ್ಪನೇ ಮೊದಲು ಉಣ್ಣುತ್ತಿದ್ದ. ಕಡೆಗೆ ಕೂಡುವ ಹನಮಂತವ್ವ ಬರಿದಾದ ಪಾತ್ರೆಯನ್ನು ರೊಟ್ಟಿ ಚೂರಿನಿಂದ ಒರೆಸಿಕೊಳ್ಳುತ್ತಿದ್ದಳು. ಈ ಮನೆಯಲ್ಲಿ ಮೂಕಪ್ಪನ ಕೆನ್ನೆ ಮಾತ್ರ ತುಂಬಿಕೊಂಡಿತ್ತು.

ಹುಚ್ಚವ್ವ ಸೌಟನ್ನು ಹಿಂದಕ್ಕೆಳೆದಳು. ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಸೊಸೆಯ ಕೈಯಿಂದ ಹಿಟ್ಟು ಕಸಿದುಕೊಂಡು, ಪಲ್ಯದ ಪಾತ್ರೆಯನ್ನೇ ಅವಳ ಮುಂದಿಟ್ಟಳು.

“ಮೊದಲ ನೀ ಉಣ್ಣವ್ವಾ. ಲೇ ಮೂಕ್ಯಾ, ಏಳು, ಗಾಡಿ ಹೂಡು. ಈಕಿ ಉಂಡು ಏಳೂದ್ರೊಳಗ ಬಾಗಲಿಗೆ ಬಂದಿರಬೇಕು.”