ಗೊಂಬೆಯ ಹಣೆ

ಮಾನಿಟರಿನ ಹಸಿರು ಗೆರೆ ನೆಟ್ಟಗಾಯಿತು. ಮಂಚದ ಮೇಲೆ ಮಲಗಿದ್ದ ಪ್ಲಾಸ್ಟಿಕ್ ರೋಗಿಯ ಎದೆಯಿಂದ ವಿದ್ಯಾರ್ಥಿನಿಯೊಬ್ಬಳು ಕೈ ತೆಗೆದು, ಗಡಿಯಾರ ನೋಡಿ, ಸತ್ತ ಹೊತ್ತನ್ನು ಗಟ್ಟಿಯಾಗಿ ಹೇಳಿದಳು. ನೋಡುತ್ತ ನಿಂತಿದ್ದವರು ಚಪ್ಪಾಳೆ ತಟ್ಟಬೇಕೋ ಬೇಡವೋ ಎಂದು ಒಬ್ಬರ ಮುಖ ಒಬ್ಬರು ನೋಡುತ್ತಿರುವಾಗಲೇ ಶಿವಕ್ಕ ಸಾಲು ಬಿಟ್ಟು ಮುಂದೆ ನಡೆದಳು.

"ಅಮ್ಮಾ, ಎಲ್ಲಿಗೆ?" ಕೀರ್ತಿ ಪಿಸುಗುಟ್ಟಿದಳು. ಶಿವಕ್ಕ ತಿರುಗಲಿಲ್ಲ.

ಮ್ಯಾನ್‌ಹಟನ್ನಿನ ಈ ನರ್ಸಿಂಗ್ ಶಾಲೆ, ಸೀಟು ಸಿಕ್ಕವರನ್ನೆಲ್ಲ ಕರೆದು ತನ್ನ ಲ್ಯಾಬ್ ತೋರಿಸುತ್ತಿತ್ತು. ಬೇರೆ ವಿಷಯದಲ್ಲಿ ಡಿಗ್ರಿ ಮಾಡಿದವರಿಗೂ ಇಲ್ಲಿ ಹದಿನೈದು ತಿಂಗಳಲ್ಲಿ ಮಾಸ್ಟರ್ಸ್ ಮುಗಿಸಿ ನರ್ಸ್ ಆಗಬಹುದು. ನ್ಯೂಜೆರ್ಸಿಯ ಇನ್ನೊಂದು ಶಾಲೆಯಲ್ಲೂ ಕೀರ್ತಿಗೆ ಸೀಟು ಸಿಕ್ಕಿತ್ತು. ಅಲ್ಲಿ ಎರಡು ವರ್ಷ. ನಾಳೆ ಸಂಜೆಯೊಳಗೆ ಒಂದಕ್ಕೆ ಹೂಂ ಅನ್ನಬೇಕು, ಇನ್ನೊಂದು ಕೈಬಿಟ್ಟು ಹೋಗುತ್ತದೆ. ಮನಸ್ಸಿನಲ್ಲಿ ಅವಳು ಆಗಲೇ ಇಲ್ಲಿಗೆ ಹೂಂ ಅಂದಾಗಿತ್ತು. ಇಡೀ ಗುಂಪಿನಲ್ಲಿ ತಾಯಿಯನ್ನು ಕರೆದುಕೊಂಡು ಬಂದವಳು ಅವಳೊಬ್ಬಳೇ.

ಬೆಳಿಗ್ಗೆ ಪ್ರಿನ್ಸ್‌ಟನ್ ಜಂಕ್ಷನ್‌ನಲ್ಲಿ ಟ್ರೇನ್ ಹತ್ತಿದಾಗಲೇ ಶಿವಕ್ಕ ಕೆಣಕಿದ್ದಳು. "ಲಗೂ ಕಲಿಸ್ತಾರಂತ ಈ ಸಾಲೀನ ಬೇಕೇನ? ಸೀಟಿ ಆಗೂದ್ರಾಗ ಕುಕ್ಕರ್ ಇಳಿಸಿದ್ರ ಬ್ಯಾಳಿ ಬೇಯೂದಿಲ್ಲ ನೋಡು."

"ಅಮ್ಮಾ, ನನಗೆ ಇಪ್ಪತ್ತೇಳು. ನನ್ನ ವಯಸ್ಸಿನವರು ಎಲ್ಲರೂ ಫಾಸ್ಟ್ ಪ್ರೋಗ್ರಾಮನ್ನೇ ಪ್ರಿಫರ್ ಮಾಡ್ತಾರೆ."

"ಆಗಲಿ. ಹೋದ ವಾರ ಆ ನ್ಯೂಜೆರ್ಸಿ ಸಾಲ್ಯಾಗ ನಾ ಒಂದು ಮಾತು ಕೇಳು ಅಂದೆ. ನೀ ಏನೋ ಕೇಳಿದಿ, ಆ ಆಫೀಸಿನಾಕಿ ಕಿಟಕ್ಯಾಗಿಂದ ಕಾರ್ ನಿಲ್ಲಿಸೋ ಜಾಗಾ ತೋರಿಸಿದ್ಲು." ಶಿವಕ್ಕ ಹೊರಗೆ ನೋಡುತ್ತ ಸೇರಿಸಿದಳು, "ಜಾಗಾ ಭಾಳ ಛಲೋ ಇತ್ತು, ಅದರಾಗೇನಿಲ್ಲ."

ಕೀರ್ತಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡಿದ್ದಳು.

ಈಗ ಶಿವಕ್ಕ ಮಂಚದ ಪಕ್ಕ ನಿಂತು ಪರ್ಸ್ ತೆರೆದು, ವಿಭೂತಿಯ ಡಬ್ಬಿ ಹೊರಗೆ ತೆಗೆದಳು. ಮೂರು ಬೆರಳು ಅದ್ದಿ, ಆ ಪ್ಲಾಸ್ಟಿಕ್ ಹಣೆಯ ಮೇಲೆ ನಿಧಾನವಾಗಿ ಎಳೆದಳು. ಆಮೇಲೆ ತೆರೆದ ಕಣ್ಣುಗಳನ್ನು ಅಂಗೈಯಿಂದ ಸವರಿ ಮುಚ್ಚಿದಳು. ಕೈ ತೆಗೆದ ಕೂಡಲೇ ರೆಪ್ಪೆಗಳು ಟಕ್ಕೆಂದು ತೆರೆದುಕೊಂಡವು. ಹಿಂದೆ ಯಾರೋ ಕಿಸಕ್ಕನೆ ನಕ್ಕು, ಕೆಮ್ಮಿದಂತೆ ಮಾಡಿದರು.

"ಮೇಡಂ, ಅದು ನಿಜವಾದ ರೋಗಿಯಲ್ಲ," ಪ್ರೊಫೆಸರ್ ಮೆತ್ತಗೆ ಇಂಗ್ಲಿಷಿನಲ್ಲಿ ಹೇಳಿದರು. ಆಮೇಲೆ ಗುಂಪಿನ ಕಡೆ ತಿರುಗಿ, "ಇವರು ಯಾರ ಜೊತೆ ಬಂದಿದ್ದಾರೆ?"

ಒಂದು ಗಳಿಗೆ ಕೀರ್ತಿಯೂ ಉಳಿದವರಂತೆ ಅಕ್ಕಪಕ್ಕ ನೋಡಿದಳು. ಆಮೇಲೆ ಕೈ ಎತ್ತಿ, ತಲೆ ತಗ್ಗಿಸಿಕೊಂಡು ಹೋಗಿ ತಾಯಿಯ ಮೊಣಕೈ ಹಿಡಿದಳು.

"ಅಮ್ಮಾ, ಅದು ಡಾಲ್. ಎಲ್ಲರೂ ನೋಡ್ತಿದಾರೆ. ಪ್ಲೀಸ್, ಬಾ."

"ಗೊಂಬಿ ಅಂತ ಗೊತ್ತೈತಿ. ನನಗೇನು ಹುಚ್ಚು ಹಿಡದೈತೇನ?" ಶಿವಕ್ಕನ ದನಿ ತಣ್ಣಗಿತ್ತು. "ನಿಮ್ಮಪ್ಪನ್ನ ಮುಟ್ಟಾಕ ಬಿಡಲಿಲ್ಲ. ಇದನ್ನರ ಮುಟ್ಟೂಣು ಅಂತ ಬಂದೆ."

ಕೀರ್ತಿಯ ಹಿಡಿತ ಸಡಿಲವಾಯಿತು. ಕೋವಿಡ್ ಬಂದ ವರ್ಷ ಅವಳ ಅಪ್ಪ ಬಸವಪ್ರಸಾದ್ ಆಸ್ಪತ್ರೆಯಲ್ಲಿ ತೀರಿಕೊಂಡದ್ದನ್ನು ತಾಯಿ ಮಗಳು ವೆಸ್ಟ್ ವಿಂಡ್ಸರ್‌ನ ಮನೆಯಲ್ಲಿ ಕೂತು ಐಪ್ಯಾಡಿನಲ್ಲಿ ನೋಡಿದ್ದರು. ಆ ಕಡೆ ಫೋನ್ ಹಿಡಿದಿದ್ದ ನರ್ಸ್ ಚಿಕ್ಕ ಹುಡುಗಿ. ಏನು ಹೇಳಬೇಕೆಂದು ತಿಳಿಯದೆ ಸಾರಿ, ಸಾರಿ ಅನ್ನುತ್ತ ಕರೆ ಕತ್ತರಿಸಿಬಿಟ್ಟಿದ್ದಳು. 'ಮನಿಶ್ಯಾ ಹ್ವಾದ ಮ್ಯಾಲ ಮನಿ ಮಂದಿಗೆ ಹೆಂಗ ಹೇಳಬೇಕು ಅಂತ ಇಲ್ಲಿ ಕಲಿಸ್ತಾರೇನ, ಕೇಳು.' ಹೋದ ವಾರ ನ್ಯೂಜೆರ್ಸಿಯ ಶಾಲೆಯಲ್ಲಿ ಶಿವಕ್ಕ ಕೇಳು ಎಂದದ್ದು ಇದನ್ನು. ಅಷ್ಟು ಜನರ ಮುಂದೆ ಇದೆಂಥ ಪ್ರಶ್ನೆ ಎಂದು ನಾಚಿ, ಅಮ್ಮ ಪಾರ್ಕಿಂಗ್ ಬಗ್ಗೆ ಕೇಳುತ್ತಿದ್ದಾರೆ ಎಂದು ಕೀರ್ತಿ ನಗುತ್ತ ಹೇಳಿದ್ದಳು.

ಅವಳು ಪ್ರೊಫೆಸರ್ ಕಡೆ ತಿರುಗಿದಳು. ಅದೇ ಪ್ರಶ್ನೆಯನ್ನು ಈಗ ಇಂಗ್ಲಿಷಿನಲ್ಲಿ, ಒಂದು ಮಾತೂ ಬಿಡದೆ ಕೇಳಿದಳು.

ಪ್ರೊಫೆಸರ್ ಶಿವಕ್ಕನ ಕಡೆ ತಿರುಗಿದರು. "ಅದಕ್ಕೆ ಒಂದು ವಿಡಿಯೊ ಇದೆ. ಸುಳ್ಳು ಹೇಳುವುದಿಲ್ಲ, ಹದಿನೈದು ತಿಂಗಳಲ್ಲಿ ಅದಕ್ಕಿಂತ ಹೆಚ್ಚು ಆಗುವುದಿಲ್ಲ. ಉಳಿದದ್ದು ಕೆಲಸದಲ್ಲೇ ಬರುತ್ತದೆ. ನನಗೂ ಹಾಗೇ ಬಂತು." ಬಾಗಿಲಲ್ಲಿ ಮುಂದಿನ ಗುಂಪು ಕಾಯುತ್ತಿತ್ತು. ಪ್ರೊಫೆಸರ್ ಕಣ್ಸನ್ನೆ ಮಾಡಿದ್ದೇ ವಿದ್ಯಾರ್ಥಿನಿ ಒದ್ದೆ ಬಟ್ಟೆ ಹಿಡಿದು ಗೊಂಬೆಯ ಹಣೆಯ ಹತ್ತಿರ ಬಂದಳು.

ಕೀರ್ತಿ ಕೈ ಅಡ್ಡ ಹಿಡಿದಳು.

"ಒರಸ್ಲಿ ಬಿಡವಾ," ಅಂದಳು ಶಿವಕ್ಕ, ಡಬ್ಬಿಯ ಮುಚ್ಚಳ ಒತ್ತುತ್ತ. "ಅವತ್ತು ಐಪ್ಯಾಡ್ ಗಾಜಿನ ಮ್ಯಾಲ ಹಚ್ಚಿದ್ದೆ. ಅಪ್ಪನ ಮುಖಾ ಕಾಣವಲ್ತು ಅಂತ ನೀನ ಒರಸಿದ್ದಿ."

ಕೀರ್ತಿಯ ಕೈ ಗಾಳಿಯಲ್ಲೇ ನಿಂತಿತು. ಒರೆಸಿದ್ದು ಅವಳಿಗೆ ನೆನಪಿತ್ತು. ಅದು ವಿಭೂತಿ ಎಂದು ಗೊತ್ತಾದದ್ದು ಈಗ.

ಅವಳು ಕಾರಿಡಾರಿಗೆ ಬಂದು ನ್ಯೂಜೆರ್ಸಿಯ ಶಾಲೆಗೆ ಫೋನ್ ಹಚ್ಚಿದಳು. ತುಂಬ ಹೊತ್ತು ರಿಂಗಾಯಿತು. ಆ ಕಡೆಯ ಹೆಂಗಸು ಹೆಸರು ಕೇಳಿ ಗುರುತು ಹಿಡಿದು, ಏನಾಗಬೇಕಿತ್ತು ಎಂದು ನಗುತ್ತಲೇ ವಿಚಾರಿಸಿದಳು.

"ಹೋದ ವಾರ ನಮ್ಮಮ್ಮ ಕೇಳಿದ್ದು," ಎಂದಳು ಕೀರ್ತಿ, "ಪಾರ್ಕಿಂಗ್ ಬಗ್ಗೆ ಅಲ್ಲ."