ಗುರುತ್ವದ ಪಾಳಿ

ನಮ್ಮ ಹೋಬಳಿಗೆ ಗುರುತ್ವ ಕೊಡುವುದು ಪಾಳಿಯ ಮೇಲೆ. ಪೇಟೆಗೆ ಇಡೀ ದಿನ ಇರುತ್ತದೆ. ನಮಗೆ ಮಧ್ಯಾಹ್ನ ಯಾವಾಗ ಬೇಕಾದರೂ ತೆಗೆಯುತ್ತಾರೆ. ಹಾಗಾಗಿ ಶಾಲೆಯ ಮಕ್ಕಳು ಬಿಸಿಯೂಟ ಮುಗಿಸಿ ಬಂದವರೇ ಸೊಂಟಕ್ಕೆ ಹಗ್ಗ ಬಿಗಿದು ಬೆಂಚಿಗೆ ಕಟ್ಟಿಕೊಳ್ಳುತ್ತಾರೆ.

ಅಂದು ಪೇಟೆಯಿಂದ ಸಾಹೇಬರು ತಪಾಸಣೆಗೆ ಬಂದಿದ್ದರು. ಹಗ್ಗ ಕೊಟ್ಟರೆ ಬೇಡವೆಂದು ಕುರ್ಚಿಯಲ್ಲಿ ಕೂತರು.

"ಒಂದರೆ ಪ್ರಯೋಗ ಮಾಡಿ ತೋರಸ್ರಿ. ಇಲ್ಲಾಂದ್ರ ಈ ಸಾಲ್ಯಾಗ ವಿಜ್ಞಾನ ಇವತ್ತಿಗೇ ಬಂದ್."

ವಿಜ್ಞಾನ ಕಲಿಸುವ ನೀಲಗಂಗಾ ಅಕ್ಕೋರು ಒಂದು ಕೈಯಲ್ಲಿ ಕಲ್ಲು, ಇನ್ನೊಂದರಲ್ಲಿ ರಬ್ಬರು ಎತ್ತಿ ಹಿಡಿದರು. "ಯಾವುದು ಲಗೂನ ಬೀಳತೈತಿ?"

"ಕಲ್ಲರೀ. ಅದು ಭಾರ ಐತಲ್ಲ," ಎಂದಳು ಮುಂದಿನ ಬೆಂಚಿನ ದ್ಯಾಮವ್ವ.

ಅಕ್ಕೋರು ಎರಡನ್ನೂ ಒಟ್ಟಿಗೆ ಬಿಟ್ಟರು. ಬಿಟ್ಟದ್ದೇ ತಡ, ಗುರುತ್ವ ಹೋಯಿತು.

ಸಾಹೇಬರು ಗಾಬರಿಯಿಂದ ಎದ್ದರು. ಎದ್ದ ರಭಸಕ್ಕೆ ಸೂರಿನವರೆಗೂ ಹೋದರು. ಯಾರೂ ಅವರನ್ನು ನೋಡಲಿಲ್ಲ. ಆಗಷ್ಟೇ ಬೀಳತೊಡಗಿದ್ದ ಕಲ್ಲು, ರಬ್ಬರು ಎರಡೂ ಅದೇ ನಿಧಾನದಲ್ಲಿ ಅಕ್ಕಪಕ್ಕ ಇಳಿಯುತ್ತಿದ್ದವು. ದ್ಯಾಮವ್ವ ಸ್ಕೇಲು ಅಡ್ಡ ಹಿಡಿದು ನೋಡಿದಳು. ನಂಬದೆ ಇನ್ನೊಮ್ಮೆ ಹಿಡಿದಳು.

"ಸರೀ ಸಮ ಅದಾವ್ರಿ ಅಕ್ಕೋರ!"

ಅಕ್ಕೋರು ಕತ್ತೆತ್ತಿದರು. "ಪ್ರಯೋಗ ಕಾಣಸ್ತೇನ್ರಿ ಸಾಹೇಬ್ರ?"

"ಕಾಣಸ್ತು, ಕಾಣಸ್ತು! ವಿಜ್ಞಾನ ಇರಲಿ ತಗೋರಿ. ಮೊದಲ ನನ್ನ ಇಳಸ್ರಿ, ಗುರುತ್ವ ಬಂದ್ರ ಬೀಳತೀನಿ!"

"ಬೀಳತೀರ್ರಿ," ಎಂದಳು ದ್ಯಾಮವ್ವ, ಸ್ಕೇಲಿನಿಂದ ಕಣ್ಣು ತೆಗೆಯದೆ. "ಆದ್ರ ನಮ್ಮ ರಬ್ಬರಿಗಿಂತ ಲಗೂನೇನ ಬೀಳಂಗಿಲ್ಲರಿ."